ಅಕ್ಕನ ರಷ್ಯನ್ ಮಾತಿಗೆ ನಾನು ಕಾವಲು ಕೂತದ್ದು

ಮನೆಗೆಲ್ಲ ಸೇರಿ ಒಂದೇ ಮೊಬೈಲು, ಅದೂ ಅಪ್ಪನ ಕಿಸೆಯಲ್ಲೇ ಇರುತ್ತಿದ್ದ ಆ ದಿನಗಳಲ್ಲಿ, ನಾಗನೂರಿನ ನಮ್ಮ ಮನೆಯಲ್ಲಿ ಅಕ್ಕ ರಷ್ಯನ್ ಕಲಿಯುತ್ತಿದ್ದಳು. ರಷ್ಯಾಕ್ಕೆ ಹೋಗಿ ಡಾಕ್ಟರ್ ಆಗುವ ಹಟ ಅವಳದು. ಗೋಕಾಕದ ಡಾಕ್ಟರೊಬ್ಬರು ಅಲ್ಲೇ ಓದಿ, ಅಲ್ಲಿಯವರನ್ನೇ ಮದುವೆಯಾಗಿ ಬಂದಿದ್ದರು. ಊರವರೆಲ್ಲ ಬಾಯಾರು ಎನ್ನುತ್ತಿದ್ದ ಆ ರಷ್ಯನ್ ಹೆಂಡತಿಯೇ ಅಕ್ಕನಿಗೆ ವಾರಕ್ಕೆರಡು ದಿನ ಪಾಠ ಹೇಳುತ್ತಿದ್ದರು. ಅಕ್ಷರ ಮುಗಿದು ಎರಡನೆಯ ಪುಸ್ತಕ ನಡೆದಿತ್ತು: ಬ್ರೆಡ್ಡು ಕೊಳ್ಳುವುದು, ಬಸ್ಸಿನ ದಾರಿ ಕೇಳುವುದು, ಎಲ್ಲಿ ನೋಯುತ್ತದೆ ಎಂದು ವಿಚಾರಿಸುವುದು.

ಅದು ಸೀತನಿಯ ಕಾಲ. ಹಿತ್ತಲಲ್ಲಿ ಎಳೆ ಜೋಳದ ತೆನೆ ಸುಡುವ ವಾಸನೆ. ನಾನು ಅಂಗಳದಲ್ಲಿ ಕುಂಟಾಟ ಆಡುತ್ತಲೇ ಅಕ್ಕನ ಕಡೆ ಕಿವಿ ಇಟ್ಟಿರುತ್ತಿದ್ದೆ. ರೊಟ್ಟಿ ಬಡಿಯುತ್ತ, ಎಮ್ಮೆ ಹಿಂಡುತ್ತ ಏನೋ ಗುಣುಗುಟ್ಟುವಳು, ತನ್ನಷ್ಟಕ್ಕೇ ನಗುವಳು. ಸಂಶಯ ನನ್ನ ಹುಟ್ಟುಗುಣ. ಏನಿದ್ದರೂ ಮೊದಲು ನನಗೇ ಹೇಳುತ್ತಿದ್ದ ಅಕ್ಕ ನನಗೆ ತಿಳಿಯದ ಮಾತಿನಲ್ಲಿ ನಕ್ಕರೆ ಮೈ ಉರಿಯುತ್ತಿತ್ತು. ಅಜ್ಜಿಯ ಹತ್ತಿರ ಹೋಗಿ ಚಾಡಿ ಹೇಳಿದೆ.

"ಆಯಿ, ಅಕ್ಕ ಖರೇನ ಕಲ್ಯಾಕತ್ತಿಲ್ಲ. ಬಾಯಿಗಿ ಬಂದಿದ್ದ ಒದರತಾಳ."

"ನನಗೂ ಹಂಗ ಅನಸ್ತೇತಿ. ಕಲಿಸಿದಾಕಿ ಚಲೋ ಅನ್ನಾಕ ಬೇಕಲ್ಲ. ನಮಗ್ಯಾರಿಗಿ ತಿಳಿತೇತಿ ಅದು?"

ಮಾತು ಅಪ್ಪನಿಗೂ ಮುಟ್ಟಿತು. ಮೂಡಲಗಿ ದನದ ಪೇಟೆಯಲ್ಲಿ ಮಾರುವವನನ್ನು ದೂರ ನಿಲ್ಲಿಸಿ, ತಾನೇ ಕೂತು ಎಮ್ಮೆ ಹಿಂಡಿ ನೋಡುವ ಮನುಷ್ಯ ಅವನು. ಮಗಳಿಗೂ ಅಂಥದೇ ಪರೀಕ್ಷೆ ಇಟ್ಟ.

"ನಾ ಗೋಕಾಕಕ್ಕ ಹೋಗಿ ಡಾಕ್ಟರ ಮನ್ಯಾಗ ಕುಂಡ್ರತೇನಿ. ಬಾಯಾರು ಫೋನ್ ಮಾಡ್ತಾರ. ಇವತ್ತ ನಮ್ಮ ಮನ್ಯಾಗ ಏನೇನ ನಡದೈತಿ, ಎಲ್ಲಾ ಅವರ ಮಾತಿನ್ಯಾಗ ಹೇಳು. ಅದನ್ನ ಡಾಕ್ಟರು ನನಗ ಕನ್ನಡದಾಗ ಹೇಳ್ತಾರ. ಬರೋಬ್ಬರಿ ಇದ್ರ ಕಳಸ್ತೇನಿ. ಇಲ್ಲಂದ್ರ ಹುಕ್ಕೇರಿಯವರಿಗಿ ಹೂಂ ಅಂತೇನಿ."

ಹುಕ್ಕೇರಿಯವರು ಅಕ್ಕನನ್ನು ಸೊಸೆಯಾಗಿ ಕೇಳಿ ಹೋಗಿದ್ದರು. ಅಪ್ಪ ಮೊಬೈಲು ಮನೆಯಲ್ಲೇ ಬಿಟ್ಟ. ನಡುವೆ ಕನ್ನಡ ಬಂದರೆ ಹಿಡಿಯಲು ನನ್ನನ್ನು ಎದುರಿಗೆ ಕೂರಿಸಿ ಹೋದ.

ಫೋನ್ ಬಂತು. ನಾನು ಅವಳ ತುಟಿಯನ್ನೇ ನೋಡುತ್ತ ಕೂತೆ. ಅಕ್ಕ ತಡವರಿಸಿದಳು, ನಿಂತಳು, ಮತ್ತೆ ಶಬ್ದ ಹುಡುಕಿ ಮುಂದುವರಿದಳು. ಒಂದು ಅಕ್ಷರವೂ ಕನ್ನಡ ಬರಲಿಲ್ಲ. ನನ್ನ ಹೆಸರು ಮಾತ್ರ ಎರಡು ಸಲ ಬಂತು. ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನನ್ನ ಸುದ್ದಿ ಏನ್ ಹೇಳಿದಿ?"

"ಕಾವಲ ಕುಂತಾಕಿ ನೀನ. ನೀನ ತಿಳ್ಕೊ" ಎಂದು ಒಳಗೆ ಹೋದಳು.

ಮಧ್ಯಾಹ್ನ ಅಪ್ಪ ಕರದಂಟಿನ ಪೊಟ್ಟಣ ಹಿಡಿದು ಬಂದ. "ಎಲ್ಲಾ ಬರೋಬ್ಬರಿ ಹೇಳ್ಯಾಳಬೇ. ಕರಾ ಮುಂಜಾನಿ ಹಗ್ಗಾ ಹರಕೊಂಡ ಹೋಗಿದ್ದೂ ಬಿಟ್ಟಿಲ್ಲ" ಎಂದು ಅಜ್ಜಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ನಿನ್ನ ಸುದ್ದೀನೂ ಹೇಳ್ಯಾಳ. 'ಮನ್ಯಾಗ ಯಾರ ನಂಬಲಿಲ್ಲಂದ್ರೂ ನನ್ನ ತಂಗಿ ನಂಬತಾಳ ಅನ್ಕೊಂಡಿದ್ನಿ, ಈಗ ಆಕೀನ ಎದುರಿಗೆ ಕಾವಲ ಕುಂತಾಳ' ಅಂದ್ಳಂತ."

ನನ್ನ ಪಾಲಿನ ಕರದಂಟನ್ನು ಅಕ್ಕನ ಪುಸ್ತಕದ ಮೇಲೆ ಇಟ್ಟು ಬಂದೆ. ತಪ್ಪಾಯಿತು ಎಂದು ಮಾತ್ರ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅಕ್ಕ ಹೋದಳು, ಓದಿದಳು, ಅಲ್ಲೇ ಡಾಕ್ಟರ್ ಆಗಿ, ಮದುವೆಯಾಗಿ ಮನೆ ಮಾಡಿದಳು. ಪ್ರತಿ ರವಿವಾರ ತಪ್ಪದೆ ಫೋನ್ ಮಾಡುತ್ತಾಳೆ. ಏನು ಕೇಳಿದರೂ "ಆರಾಮ ಅದೀನಿ" ಅನ್ನುತ್ತಾಳೆ. ಹೋದ ವರ್ಷ ಅವಳ ಹೊಟ್ಟೆಯ ಕೂಸು ಉಳಿಯಲಿಲ್ಲ. ಅದು ನನಗೆ ತಿಳಿದದ್ದು ತಿಂಗಳ ಮೇಲೆ, ಗೋಕಾಕದ ಪೇಟೆಯಲ್ಲಿ ಸಿಕ್ಕ ಬಾಯಾರಿಂದ. ಅವರ ಹತ್ತಿರ ಅಕ್ಕ ಫೋನಿನಲ್ಲಿ ಗಂಟೆಗಟ್ಟಲೆ ಅತ್ತಿದ್ದಳಂತೆ. ಅದೇ ವಾರ ನನಗೂ ಫೋನ್ ಮಾಡಿದ್ದಳು. ಊಟ ಆತೇನು ಎಂದು ಕೇಳಿ ಫೋನ್ ಇಟ್ಟಿದ್ದಳು.