ಮೂರನೆಯ ವೈರು

ಲಿಫ್ಟ್ ಮೆಕ್ಯಾನಿಕ್‌ಗೆ ಊರಿಟ್ಟ ಹೆಸರು 'ಇನ್ನೊಂದ್ಸಲ'. ರಿಪೇರಿ ಮುಗಿಸಿ ಬಸ್ಸು ಹತ್ತಿದವನು ಮುಂದಿನ ಸ್ಟಾಪಿನಲ್ಲೇ ಇಳಿದು, "ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಓಡೋಡಿ ವಾಪಸ್ ಬರುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪು ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಪಾಪ, ಅವನಿಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಕಾವಲುಗಾರರು ಅವನನ್ನು ಕಂಡು ಮುಸಿಮುಸಿ ನಗುತ್ತಿದ್ದರು. ಹೆಂಡತಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮಗಳ ಹೆರಿಗೆಯ ದಿನವೂ ಅವನು ಆಸ್ಪತ್ರೆಯ ಬಾಗಿಲಿನಿಂದ ಹೀಗೇ ತಿರುಗಿ ಹೋಗಿದ್ದ. ಅಂದು ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನು ಹೀಗೆ ವಾಪಸ್ ಹೋದ್ರೆ ನಾನು ಮಗಳ ಮನೆ ಸೇರ್ಕೋತೀನಿ. ಮತ್ತೆ ಬರಲ್ಲ." ಅವನು ಮಾತು ಕೊಟ್ಟ. ಮೂರು ತಿಂಗಳು ಹಲ್ಲು ಕಚ್ಚಿ ಉಳಿಸಿಕೊಂಡ.

ಇವತ್ತಂತೂ ಹಟ ಮಾಡಿ, ಒಂದು ಸಲವೂ ತಿರುಗಿ ನೋಡದೆ ಕೆಲಸದಿಂದ ಹೊರಟು ಬಂದಿದ್ದ. ಸಂಜೆ ಚಹಾ ಕುಡಿಯುತ್ತ ಅಂಗಿಯ ಜೇಬಿಗೆ ಕೈ ಹಾಕಿದ. ಕೆಂಪು ವೈರಿನ ಎರಡು ತುಂಡು. ಬೆಳಗ್ಗೆ ಮೂರಿದ್ದವು. ಬಾಗಿಲಿನ ಸರ್ಕೀಟಿಗೆ ಆ ತುಂಡು ಸಿಕ್ಕಿಸಿದರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ; ಪರೀಕ್ಷೆ ಮುಗಿದೊಡನೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು.

ಕಿತ್ತಿದ್ದೀಯ ಬಿಡು, ಎಂದಿತು ಮನಸ್ಸು. ಕಿತ್ತದ್ದು ನೆನಪಿದೆಯಾ, ಎಂದಿತು ಅದೇ ಮನಸ್ಸು. ಈ ಜಗಳ ಅವನಿಗೆ ಹಳೆಯದು. ಸಾವಿರ ಸಲ ಇದೇ ಹೆದರಿಕೆ ಬಂದಿತ್ತು, ಸಾವಿರ ಸಲವೂ ಸುಳ್ಳಾಗಿತ್ತು. ಇದೂ ಆ ಹಾಳು ರೋಗವೇ ಇರಬೇಕು. ತುಂಡು ಬಸ್ಸಿನಲ್ಲಿ ಬಿದ್ದಿರಬಹುದು. ಲೋಟ ಕೆಳಗಿಟ್ಟು ಜೇಬನ್ನು ಮತ್ತೆ ಮತ್ತೆ ತಡಕಿದ.

"ಮತ್ತೆ ಶುರುವಾಯ್ತಾ?" ಎಂದಳು ಹೆಂಡತಿ.

"ಏನಿಲ್ಲ ಬಿಡು."

ಮುಕ್ಕಾಲು ಗಂಟೆ ಹಾಗೇ ಕೂತ. ಅವಳು ಅಡುಗೆಮನೆಗೆ ಹೋದದ್ದೇ ತಡ, ಇವತ್ತು ಲಿಫ್ಟ್ ರಿಪೇರಿ ಮಾಡಿದ್ದ ಕಟ್ಟಡದ ಕಾವಲುಗಾರನಿಗೆ ಫೋನ್ ಮಾಡಿದ. ವಾಪಸ್ ಹೋದರೆ ತಾನೇ ಮಾತು ತಪ್ಪಿದಂತೆ!

ಅವನು ಬಾಯಿ ತೆರೆಯುವ ಮೊದಲೇ ಕಾವಲುಗಾರ ನಕ್ಕ. "ಏನಣ್ಣಾ, ಇನ್ನೊಂದ್ಸಲ ನೋಡ್ಬೇಕಾ? ಏನೂ ಬೇಡ, ಲಿಫ್ಟ್ ಫಸ್ಟ್ ಕ್ಲಾಸಾಗಿದೆ. ಮೊದಲೆಲ್ಲ ಬಾಗಿಲು ಸರಿಯಾಗಿ ಹಾಕ್ದೆ ಇದ್ರೆ ಅಲ್ಲಾಡ್ತಾನೇ ಇರ್ಲಿಲ್ಲ. ಈಗ ತೆಗೆದಿದ್ರೂ ಜುಂ ಅಂತ ಹೋಗುತ್ತೆ!"

"ಮೇನ್ ಸ್ವಿಚ್ ಆಫ್ ಮಾಡು! ಈಗ್ಲೇ!"

"ಒಂದ್ನಿಮಿಷ ಇರಿ ಅಣ್ಣಾ. ನಾಲ್ಕನೇ ಮಹಡಿ ಅಜ್ಜಿ ಹತ್ತುತಾ ಇದ್ದಾರೆ, ಚೀಲ ಕೊಟ್ಟು ಬರ್ತೀನಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಮೆಕ್ಯಾನಿಕ್ ಗಂಟಲು ಹರಿಯುವಂತೆ ಕೂಗಿದ. ಓಡಿಬಂದ ಹೆಂಡತಿ ಅವನ ಮುಖ ನೋಡಿದಳು, ಅಂಗೈಯಲ್ಲಿದ್ದ ಎರಡು ತುಂಡು ನೋಡಿದಳು. "ಹೋಗ್ರೀ, ಓಡಿ!" ಎಂದಳು. ಫೋನಿನೊಳಗೆ ಆಗಲೇ ಮೋಟಾರು ಗುಂಯ್ ಎನ್ನತೊಡಗಿತ್ತು.