ಮೇಲಿನಿಂದ ಕೆಳಕ್ಕೆ ಓದುವ ಬೋರ್ಡು

ಶಿವಾಜಿನಗರದ ಗಲ್ಲಿಯೊಂದರಲ್ಲಿ ಜಹನಾರಾ ಆಪಾ ಅವರದು ಮೂರಡಿ ಅಂಗಡಿ. ಒಳಗೆ ಬಣ್ಣದ ಡಬ್ಬಗಳು, ಹೊರಗೆ ಮೆಟ್ಟಿಲ ಮೇಲೆ ಅವರು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವವರೆಲ್ಲ ಬೇರೆ ಕೆಲಸ ಹಿಡಿದರು, ಇವರು ಮಾತ್ರ ಬ್ರಷ್ ಕೆಳಗಿಡಲಿಲ್ಲ. ಈ ಹಟಕ್ಕೇ ನಾನು ಸೋತಿದ್ದು. ನಾನು ಸುಕನ್ಯ, ಹಲಸೂರಿನ ಗಣಿತದ ಟೀಚರು.

ಆ ಗಲ್ಲಿಯ ರೋಗ ಒಂದೇ. ಮಂಜೂರ್ ಬಟ್ಟೆಯ ಸ್ಟ್ಯಾಂಡನ್ನು ಒಂದಡಿ ಮುಂದೆ ತಂದರೆ, ಎದುರಿನ ಶ್ರೀರಾಮಪ್ಪ ಪಾತ್ರೆಯ ರ‍್ಯಾಕನ್ನು ಒಂದೂವರೆ ಅಡಿ ತರುತ್ತಾರೆ. ನಡೆಯಲು ಜಾಗವಿಲ್ಲದೆ ಗಿರಾಕಿ ಬೇರೆ ಗಲ್ಲಿಗೆ ಹೋಗುತ್ತಾನೆ. ತಿಂಗಳೊಳಗೆ ದಾರಿ ಬಿಡದಿದ್ದರೆ ಮೆಟ್ಟಿಲುಗಳನ್ನೂ ಒಡೆಯುತ್ತೇವೆಂದು ಪಾಲಿಕೆಯ ನೋಟಿಸ್ ಬಂತು. ಮೆಟ್ಟಿಲು ಹೋದರೆ ಆಪಾಗೆ ಕೂತು ಬರೆಯಲು ಜಾಗವೇ ಇಲ್ಲ.

ಇದು ಗೇಮ್ ಥಿಯರಿಯ, ಅಂದರೆ ಎದುರಿನವರ ನಡೆ ನೋಡಿ ನಮ್ಮ ನಡೆ ಆರಿಸುವ ಲೆಕ್ಕ ಎಂದು ನಾನು ಅಂಕಿಗಳ ಕೋಷ್ಟಕ ಹಿಡಿದು ಹೋದೆ. ಯಾರಿಗೂ ತಲೆಬುಡ ತಿಳಿಯಲಿಲ್ಲ.

"ಟೀಚರಮ್ಮಾ, ಅಂಕಿ ಬಿಡಿ. ಉಪಾಯ ಹೇಳಿ, ನಾನು ಚಿತ್ರ ಬರೀತೀನಿ," ಎಂದರು ಆಪಾ.

"ಮೊದ್ಲು ನೀವು ಹಿಂದೆ ಸರೀರಿ. ಅವ್ರೂ ಸರಿದ್ರೆ ಹಾಗೇ ಇರಿ. ಮುಂದೆ ಬಂದ್ರೆ ಮಾರನೇ ದಿನ ನೀವೂ ಬನ್ನಿ. ಮತ್ತೆ ಸರಿದ್ರೆ, ಸಿಟ್ಟು ಬಿಟ್ಟು ನೀವೂ ಸರೀರಿ," ಎಂದೆ.

ಆಪಾ ಒಂದು ಬೋರ್ಡಿನ ಮೇಲೆ ಬರೆದರು: ಅಂಗಡಿಗೊಂದು ಚೌಕ, ದಾರಿಗೊಂದು ಬಿಳಿ ಪಟ್ಟಿ, ಗಿರಾಕಿಗೊಂದು ಚುಕ್ಕೆ. ಸಾಲಾಗಿ ನಾಲ್ಕು ಚಿತ್ರ: ಎಡತುದಿಯಲ್ಲಿ ಕಟ್ಟಿಕೊಂಡ ಗಲ್ಲಿ, ಅದರ ಪಕ್ಕ ಮೊದಲು ಹಿಂದೆ ಸರಿದ ಒಂದು ಚೌಕ, ಬಲತುದಿಯಲ್ಲಿ ಅಗಲ ದಾರಿ, ತುಂಬ ಚುಕ್ಕೆಗಳು. ಮಂಜೂರ್ ನೋಡಿ ಹುಬ್ಬೇರಿಸಿದರು. "ಅಂದ್ರೆ, ದಾರಿ ಬಿಟ್ರೆ ಕೊನೇಗೆ ಗಿರಾಕೀನೇ ಬರಲ್ಲ ಅಂತಾನಾ?"

ಉರ್ದು ಓದಿದವರು, ಬಲದಿಂದ ಎಡಕ್ಕೆ ಓದಿದ್ದರು! ನನಗೆ ನಗು ತಡೆಯಲಾಗಲಿಲ್ಲ. ಆಪಾಗೆ ತಮ್ಮ ಮೇಲೇ ಕೋಪ. "ಎರಡು ಭಾಷೇಲೂ ಬೋರ್ಡ್ ಬರೆಯೋಳು, ನಂಗೇ ಹೊಳೀಲಿಲ್ವಲ್ಲ!" ಎಂದು ಎಲ್ಲ ಅಳಿಸಿ, ಮೇಲಿನಿಂದ ಕೆಳಕ್ಕೆ ಮತ್ತೆ ಬರೆದರು. ಹಾಗಾದರೆ ಎಲ್ಲರೂ ಒಂದೇ ಥರ ಓದುತ್ತಾರಂತೆ.

ನಿಜವೇ. ಈ ಸಲ ಎಲ್ಲರೂ ತಲೆಯಾಡಿಸಿದರು. ಶ್ರೀರಾಮಪ್ಪ ಮಾತ್ರ ಕೇಳಿದರು: "ಎಲ್ಲಾ ಸರಿ, ಮೊದ್ಲು ಹಿಂದೆ ಸರಿಯೋ ಈ ಅಂಗಡಿ ಯಾರ್ದು?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? 'ಮೊದ್ಲು ನೀವು' ಎಂದು ಸಲೀಸಾಗಿ ಹೇಳಿದ್ದ ನನಗೆ ನಾಚಿಕೆಯಾಯಿತು.

ಆಪಾ ಬ್ರಷ್ ಅದ್ದಿ ಆ ಚೌಕದ ಮೇಲೆ ತಮ್ಮ ಹೆಸರು ಬರೆದರು. ದಾರಿಯಲ್ಲಿ ಒಣಗಲು ಇಟ್ಟಿದ್ದ ಬೋರ್ಡುಗಳನ್ನು ಒಂದೊಂದಾಗಿ ಒಳಗೆ ತುರುಕಿದರು. ಹಸಿ ಬಣ್ಣ ಮೆತ್ತಿಕೊಂಡು ಎರಡು ದಿನದ ಕೆಲಸ ಹಾಳಾಯಿತು. ಅವರು ತಿರುಗಿಯೂ ನೋಡಲಿಲ್ಲ.

ಶ್ರೀರಾಮಪ್ಪ ಆ ಹಾಳಾದ ಬೋರ್ಡುಗಳ ಕಡೆ ನೋಡಿದರು. ಆಮೇಲೆ ತಮ್ಮ ರ‍್ಯಾಕಿನ ಒಂದು ತುದಿ ಎತ್ತಿದರು.

"ಏ ಮಂಜೂರ್, ಆ ಕಡೆ ಹಿಡ್ಕೊಳಯ್ಯಾ."