ಸನ್ಮಾನ ಪತ್ರದ ಕೊನೆಯ ಮೂರು ವಾಕ್ಯ

ನಾನು ಬರೆದದ್ದರಲ್ಲಿ ಜನ ಚಪ್ಪಾಳೆ ತಟ್ಟಿದ್ದು ಒಂದೇ ಒಂದು ಬರಹಕ್ಕೆ. ಅದು ಸನ್ಮಾನ ಪತ್ರ. ಭದ್ರಾವತಿಯ ನಮ್ಮ ಕಾಲೇಜಿನಲ್ಲಿ ಯಾರು ನಿವೃತ್ತರಾದರೂ ಅದನ್ನು ಬರೆಯುವ ಹೊಣೆ ಕನ್ನಡ ಮೇಷ್ಟರಾದ ನನ್ನದು. ಮೊದಲ ಸಲ ಮೂರು ದಿನ ಕೂತು ಬರೆದೆ. ಆಮೇಲೆ ಹೆಸರು ಮತ್ತು ವಿಷಯ ಬದಲಿಸುತ್ತ ಬಂದೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂಬುದು ಒಬ್ಬರ ಮುಖ ಒಬ್ಬರು ನೋಡದ ಇಬ್ಬರಿಗೂ ಸಲೀಸಾಗಿ ಹೊಂದಿಕೊಂಡಿತು. ಯಾರೂ ಆಕ್ಷೇಪಿಸಲಿಲ್ಲ, ಸನ್ಮಾನ ಮಾಡಿಸಿಕೊಂಡವರಂತೂ ಮೊದಲೇ ಇಲ್ಲ.

ತರಗತಿಯಲ್ಲಿ ಮಾತ್ರ ನಾನು ಬೇರೆ ಮನುಷ್ಯ. ಬಿ.ಕಾಂ. ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಅವರು ಬಿ.ಕಾಂ. ಸೇರಿದ್ದೇ ಪ್ರಬಂಧ ಬರೆಯುವುದು ತಪ್ಪಲಿ ಎಂದು. ‘ನಿಮ್ಮದೇ ಒಂದು ವಾಕ್ಯ ಬರೆಯಿರಿ, ಬೇರೆ ಯಾರೂ ಬರೆಯಲಾಗದ್ದು’ ಎಂದು ಇಪ್ಪತ್ತೊಂಬತ್ತು ವರ್ಷ ಗಂಟಲು ಹರಿದುಕೊಂಡೆ. ಅವರು ಇಪ್ಪತ್ತೊಂಬತ್ತು ವರ್ಷವೂ ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಶುರುಮಾಡಿದರು. ಒಬ್ಬ ‘ಇಂದಿನ ಆಧುನಿಕ ಯುಗದಲ್ಲಿ ನನ್ನ ಅಜ್ಜಿಗೆ ಎಂಬತ್ತು ವರ್ಷ’ ಎಂದು ಬರೆದ. ಅದನ್ನು ನಾನು ಪ್ರಗತಿ ಎಂದುಕೊಂಡೆ.

ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ. ಒಮ್ಮೆ ಇಡೀ ಕ್ಲಾಸನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ ಎಂದೆ. ಹೋದವರು ಅರವತ್ತು, ವಾಪಸ್ ಬಂದವರು ಹದಿನೇಳು. ಉಳಿದವರ ಕಣ್ಣಿಗೆ ಅವರವರ ಊರಿನ ಬಸ್ಸು ಕಂಡಿತ್ತು. ಆ ಹದಿನೇಳೂ ಜನ ‘ಬಸ್ ನಿಲ್ದಾಣವು ಒಂದು ಸಾರ್ವಜನಿಕ ಸ್ಥಳವಾಗಿದೆ’ ಎಂದು ಬರೆದಿದ್ದರು. ಸಂಜೆ ಶಿವಮೊಗ್ಗದ ಬಸ್ಸಿನಲ್ಲಿ, ರವೀಂದ್ರನಗರದ ಮನೆ ಸೇರುವ ಮೊದಲೇ ಅಷ್ಟನ್ನೂ ತಿದ್ದಿದೆ. ಬಸ್ಸು ಗುಂಡಿಗೆ ಇಳಿದಾಗ ಬಿದ್ದ ಕೆಂಪು ಗೆರೆಗಳನ್ನೂ ಮಕ್ಕಳು ತಿದ್ದುಪಡಿಯೆಂದೇ ತಿಳಿದು, ಪಾಪ, ಮತ್ತೆ ಬರೆದು ತಂದರು.

ನಿವೃತ್ತಿಗೆ ತಿಂಗಳು ಉಳಿದಾಗ ನನಗೊಂದು ಭಯ ಹತ್ತಿತು. ಹೋಗುವುದರೊಳಗೆ ಒಬ್ಬರಾದರೂ ಒಂದು ಸ್ವಂತ ವಾಕ್ಯ ಬರೆಯಬೇಕು. ಇಲ್ಲದಿದ್ದರೆ ಇಷ್ಟು ವರ್ಷ ನಾನು ಮಾಡಿದ್ದು ಬರೀ ಬಸ್ ಪ್ರಯಾಣ.

ಈ ಸಲ ಸನ್ಮಾನ ಪತ್ರ ನನಗೇ ಆದ್ದರಿಂದ, ಬರೆಯುವ ಕೆಲಸ ಕೊನೆ ವರ್ಷದ ಸೆಲ್ವಿಗೆ ಬಿತ್ತು. ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚು ಅವಳದು. ಎರಡೇ ದಿನದಲ್ಲಿ ಬರೆದು, ತಿದ್ದಿಕೊಡಿ ಎಂದು ನನ್ನ ಹತ್ತಿರವೇ ತಂದಳು. ಓದಿದೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಕಣ್ಣಿಗೆ ಬಿತ್ತು. ಕೆಳಗೆ ‘ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಹೊಸ ಚೈತನ್ಯ ತುಂಬಿದವರು’ ಎಂದೂ ಇತ್ತು. ಹಿಂದಿನ ವರ್ಷ ನಿವೃತ್ತರಾದ ಫಿಸಿಕ್ಸ್ ಮೇಷ್ಟರಿಗೆ ನಾನೇ ಬರೆದದ್ದು ಅದು. ನನ್ನ ಹೆಸರು ಹಾಕಿದ್ದಳು, ವಿಷಯ ಬದಲಿಸಲು ಮರೆತಿದ್ದಳು.

‘ಕಾಪಿ ಹೊಡೆದಿದ್ದೀಯಲ್ಲ ತಾಯಿ’ ಎಂದೆ.

‘ಆಫೀಸ್ ಕಂಪ್ಯೂಟರಲ್ಲಿ ಇತ್ತು ಸಾರ್. ಎಲ್ರಿಗೂ ನೀವು ಇದನ್ನೇ ಕೊಟ್ಟಿದ್ದೀರಂತೆ, ಗುಮಾಸ್ತರು ಹೇಳಿದ್ರು’ ಎಂದಳು. ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ, ಭಕ್ತಿಯೇ ಇತ್ತು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಇಡೀ ಕಾಲೇಜಿನಲ್ಲಿ ಅತಿ ಹೆಚ್ಚು ಕಾಪಿ ಹೊಡೆದವನು ನಾನೇ. ಕೆಂಪು ಪೆನ್ನು ಜೇಬಿನಲ್ಲೇ ಉಳಿಯಿತು. ‘ಇದು ಹೀಗೇ ಇರಲಿ. ಕೊನೆಗೆ ನಿನ್ನದೊಂದು ವಾಕ್ಯ ಸೇರಿಸು, ನನಗೆ ತೋರಿಸಬೇಡ’ ಎಂದೆ.

‘ನಿಜ ಬರೀಲಾ ಸಾರ್? ಬೈಬಾರ್ದು.’

‘ಬೈಯಲ್ಲ.’

ಬೀಳ್ಕೊಡುಗೆಯ ದಿನ ಶಾಲು, ಪೇಟ, ಗಂಧದ ಹಾರ ಎಲ್ಲ ಆಯಿತು. ಸೆಲ್ವಿ ಮೈಕಿನ ಮುಂದೆ ನಿಂತು ಓದಿದಳು. ಸಾಕಾರಮೂರ್ತಿಗೆ ಚಪ್ಪಾಳೆ ಬಿತ್ತು. ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಇನ್ನೂ ಜೋರಾಗಿ ಬಿತ್ತು. ನಾನು ಮಾತ್ರ ಕೊನೆಯ ವಾಕ್ಯಕ್ಕೆ ಕಾಯುತ್ತಿದ್ದೆ.

‘ಇವರ ಕ್ಲಾಸು ಮಧ್ಯಾಹ್ನ ಊಟ ಆದ ಮೇಲೆ ಇತ್ತು. ನಾವು ನಿದ್ದೆ ಮಾಡಿದೆವು. ಎದ್ದಾಗ ಇವರು ಇನ್ನೂ ಪಾಠ ಮಾಡುತ್ತಿದ್ದರು.’

ಚಪ್ಪಾಳೆ ಬೀಳಲಿಲ್ಲ. ಪ್ರಿನ್ಸಿಪಾಲರು ನೀರು ಕುಡಿದರು. ನನ್ನ ಕೈ ಅಭ್ಯಾಸದಿಂದ ಜೇಬಿನ ಕೆಂಪು ಪೆನ್ನಿಗೆ ಹೋಗಿ ಸುಮ್ಮನೆ ವಾಪಸಾಯಿತು. ಒಂದಲ್ಲ, ಮೂರು ವಾಕ್ಯ! ಎಲ್ಲೂ ಆಧುನಿಕ ಯುಗವಿಲ್ಲ. ಉತ್ತರ ಹೇಳಲು ಎದ್ದವನು ನಮಸ್ಕಾರ ಹಾಕಿ ಕೂತೆ. ನನ್ನ ಅತ್ಯುತ್ತಮ ಭಾಷಣ ಅದೇ ಎಂದು ಸಮಾರಂಭಕ್ಕೆ ಬಂದಿದ್ದ ಫಿಸಿಕ್ಸ್ ಮೇಷ್ಟರು ಆಮೇಲೆ ಹೇಳಿದರು.

ಫ್ರೇಮು ಹಾಕಿಸಿದ ಆ ಸನ್ಮಾನ ಪತ್ರ ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ. ಗಂಧದ ಹಾರವನ್ನು ಅದರ ಮೇಲೇ ಹಾಕಿದ್ದೇನೆ. ‘ಇದೇನ್ರೀ, ಬದುಕಿರೋರ ಫ್ರೇಮಿಗೆ ಯಾರಾದ್ರೂ ಹಾರ ಹಾಕ್ತಾರಾ?’ ಎಂದು ಹೆಂಡತಿ ಗದರಿದಳು. ಹಾರ ನನಗಲ್ಲ, ಅದರ ಹಿಂದಿರುವ ವಿಶೇಷಣಗಳಿಗೆ ಎಂದೆ. ಹಾರದ ಕೆಳಗೆ ಕಾಣುವುದು ಸೆಲ್ವಿಯ ಮೂರು ವಾಕ್ಯ ಮಾತ್ರ. ಊಟ ಆದ ಮೇಲೆ ಎದುರಿನ ಸೋಫಾದಲ್ಲಿ ನಾನೂ ಈಗ ನಿದ್ದೆ ಮಾಡುತ್ತೇನೆ. ಎದ್ದಾಗ ಅವು ಇನ್ನೂ ಪಾಠ ಮಾಡುತ್ತಿರುತ್ತವೆ.